ಸಹಿ ಹಾಕುವ ಮುನ್ನ ಕೆಲಸ ಕೇಳಿ

ಪವರ್ ಪ್ರೆಸ್‌ಗೆ ಬೆರಳು ಕೊಟ್ಟವನಿಗೆ, ಸೆಂಟ್ರಿಂಗ್ ಕುಸಿದು ಬೆನ್ನು ಮುರಿದುಕೊಂಡವನಿಗೆ ಎಷ್ಟು ಪರಿಹಾರ ಸಿಗಬೇಕು ಎಂಬುದನ್ನು ಎಲ್ಲರಿಗಿಂತ ಮೊದಲು ತೂಗುವುದು ವೈದ್ಯರ ಲೇಖನಿ. ಅವರು ಬರೆಯುವ ಪರ್ಸೆಂಟೇಜ್ ಮೇಲೆ ಆ ಮನೆಯ ಬಾಡಿಗೆ, ರೇಷನ್ನು, ಮಕ್ಕಳ ಶಾಲೆ ಎಲ್ಲವೂ ನಿಂತಿವೆ. ಆ ಲೆಕ್ಕ ಹಾಕುವುದನ್ನು ಅವರಿಗೆ ಸರಿಯಾಗಿ ಕಲಿಸುವವರು ಮಾತ್ರ ಯಾರೂ ಇಲ್ಲ.

1923ರ ಪರಿಹಾರ ಕಾಯ್ದೆ ಕೆಲವು ಗಾಯಗಳಿಗೆ ತಾನೇ ಪಟ್ಟಿ ಕೊಟ್ಟಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ 14. ಪಟ್ಟಿಯಲ್ಲಿಲ್ಲದ್ದನ್ನು, ಅಂದರೆ ನೆಟ್ಟಗೆ ಕೂಡದ ಮೂಳೆ, ಮಡಿಸಲಾಗದ ಮೊಣಕಾಲು, ತಲೆಗೆ ಬಿದ್ದ ಪೆಟ್ಟು ಇಂಥವನ್ನು ವೈದ್ಯರ ಅಂದಾಜಿಗೆ ಬಿಟ್ಟಿತು. ಯಾವ ವೈದ್ಯರು? ನೋಂದಣಿ ಇರುವ ಯಾರಾದರೂ ಆದೀತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಕಾಯ್ದೆಯನ್ನು ಒಳಗೊಂಡಿತು. ಈ ಅಂದಾಜಿಗೆಂದೇ ತರಬೇತಿ ಬೇಕು ಎಂಬ ಮಾತು ಅಲ್ಲೂ ಬರಲಿಲ್ಲ.

ಒಂದು ಪರ್ಸೆಂಟಿನ ಬೆಲೆ ನೋಡಿ. ತಿಂಗಳಿಗೆ 15,000 ರೂಪಾಯಿ ದುಡಿಯುವ, 30 ವರ್ಷದ ಕಾರ್ಮಿಕನ ಸಂಬಳದ ಶೇ 60ನ್ನು ಅವನ ವಯಸ್ಸಿಗೆ ಹಳೆಯ ಕಾಯ್ದೆ ಗೊತ್ತುಮಾಡಿದ್ದ 207.98ರಿಂದ ಗುಣಿಸಿದರೆ ಪೂರ್ಣ ಅಂಗವೈಕಲ್ಯಕ್ಕೆ 18,71,820 ರೂಪಾಯಿ. ಶೇ 30 ಇರಬೇಕಾದಲ್ಲಿ ಶೇ 10 ಎಂದು ಗೀಚಿದರೆ ಅವನ ಮನೆಗೆ ಸುಮಾರು ಮೂರೂಮುಕ್ಕಾಲು ಲಕ್ಷ ನಷ್ಟ. ಕನಿಕರಕ್ಕೋ ಒತ್ತಡಕ್ಕೋ ಹೆಚ್ಚು ಬರೆದರೆ, ನಾಳೆ ನಿಜವಾದ ಗಾಯಾಳುವಿನ ಸರ್ಟಿಫಿಕೇಟನ್ನೂ ಯಾರೂ ನಂಬುವುದಿಲ್ಲ.

ಗಾಯವನ್ನು ಅಳೆದರೆ ಕೆಲಸ ಮುಗಿಯಲಿಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಸ್ಪಷ್ಟಪಡಿಸಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ನಡೆಯದು, ಹಾಗಾಗಿ ಅವರ ನಷ್ಟ ನೂರಕ್ಕೆ ನೂರು. ಅದೇ ಕೈ ಹೋದ ಗುಮಾಸ್ತನ ಲೆಕ್ಕ ಬೇರೆ. ರೋಗಿಯನ್ನು ನೋಡುವಾಗ ಅವನ ಕಸುಬೇನೆಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಾಝಿನಿ 1700ರಲ್ಲೇ ಬರೆದರು. ಇಂದಿಗೂ ಆ ಪ್ರಶ್ನೆ ಕೇಳದ್ದರಿಂದ ಕಲ್ಲುಪುಡಿ ಕುಡಿದ ಶ್ವಾಸಕೋಶಕ್ಕೆ ಕ್ಷಯದ ಮಾತ್ರೆ ಕೊಟ್ಟು ಕಳಿಸುವುದುಂಟು. ಸಿಲಿಕೋಸಿಸ್ ಎಂದು ಚೀಟಿಯಲ್ಲಿ ಬರೆಯದಿದ್ದರೆ ಪರಿಹಾರದ ಬಾಗಿಲೇ ಮುಚ್ಚಿತು.

ವೈದ್ಯರಿಗೆ ಈ ಲೆಕ್ಕ ಕಲಿಸುವುದು ಆಗದ ಕೆಲಸವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ತಪಾಸಣೆಗೆ ಅರ್ಹತೆ ಪಡೆಯಲು ವೈದ್ಯರು ಪರೀಕ್ಷೆ ಪಾಸು ಮಾಡಬೇಕು, ವರದಿ ಬರೆಯುವುದನ್ನೂ ಕಲಿಯಬೇಕು. ನಮ್ಮಲ್ಲೂ ಕಾರ್ಖಾನೆ ವೈದ್ಯರಿಗೆ ಎಎಫ್‌ಐಎಚ್ ಎಂಬ ಮೂರು ತಿಂಗಳ ಕೋರ್ಸಿದೆ. ಕಾರ್ಖಾನೆಯ ಒಳಗಿನ ವೈದ್ಯರಿಗೆ ಓದು ಬೇಕೆಂದಾದರೆ, ಕೈ ಕಳೆದುಕೊಂಡು ಅದೇ ಗೇಟಿನಿಂದ ಹೊರಬಂದವನ ಹಣೆಬರಹ ಬರೆಯುವವರಿಗೆ ಬೇಡವೇ?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ, ಅಂಗವೈಕಲ್ಯದ ಅಂದಾಜು ಕಲಿಸುವ ಕೋರ್ಸೊಂದನ್ನು ಕರ್ನಾಟಕದಲ್ಲಿ ನೀವು ಶುರು ಮಾಡಿ. ಕಾನೂನು, ಕಸುಬುಗಳ ಪರಿಚಯ, ವರದಿ ಬರೆಯುವ ಶಿಸ್ತು, ಕೊನೆಗೊಂದು ಪರೀಕ್ಷೆ ಇರಲಿ. ಸರ್ಕಾರ ಪಾಸಾದವರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ, ಆಗಾಗ ಮರುಪರೀಕ್ಷೆ ನಡೆಸಲಿ. ಅವರ ಫೀಸು ಮಾಲೀಕರ ಕೈಯಿಂದಾಗಲಿ ವಿಮಾ ಕಂಪನಿಯಿಂದಾಗಲಿ ನೇರವಾಗಿ ಬರದಿರಲಿ. ಕಾರ್ಮಿಕ ಸಂಘಗಳು ಬೋನಸ್ಸಿಗೆ ಹಿಡಿದಷ್ಟೇ ಪಟ್ಟು ಇದಕ್ಕೂ ಹಿಡಿಯಲಿ.

ವೈದ್ಯರೇ, ಕಾನೂನು ಬದಲಾಗುವವರೆಗೂ ನೀವು ಕಾಯಬೇಕಿಲ್ಲ. ನಾಳೆ ಬರುವ ಗಾಯಾಳುವನ್ನು ಕೂರಿಸಿ ಕೇಳಿ: ಏನು ಕೆಲಸ ಮಾಡುತ್ತಿದ್ದೆ? ಯಾವ ಮಿಷನ್ನು? ಎಷ್ಟು ಭಾರ ಎತ್ತುತ್ತಿದ್ದೆ? ಈಗ ಅದರಲ್ಲಿ ಯಾವುದು ಆಗುತ್ತಿಲ್ಲ? ಅವನ ಉತ್ತರವನ್ನು ವರದಿಯಲ್ಲಿ ಬರೆಯಿರಿ, ನಿಮ್ಮ ಅಂಕಿಗೆ ಕಾರಣ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಬಳಿ ಕಳಿಸಿ. ಕಾರಣ ಬರೆಯಲಾಗದ ಅಂಕಿಗೆ ಸಹಿ ಹಾಕಬೇಡಿ.