ಗುಪ್ತವೆಂಬ ರೋಗ

ಇಂಥ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕಣ್ಣುಬೇನೆಯ ಬಗೆಗೆ ಬರೆದರೆ ಯಾರ ಆಕ್ಷೇಪಣೆಯೂ ಇಲ್ಲ; ಹಲ್ಲುನೋವಿನ ಬಗೆಗೆ ಬರೆದರೆ ಮೆಚ್ಚುವವರೂ ಉಂಟು. ಜನನೇಂದ್ರಿಯದ ಚರ್ಮದ ಮೇಲೆ ಏಳುವ ಗುಳ್ಳೆಗಳ ಮಾತೆತ್ತಿದರೆ ಮಾತ್ರ ಶಿಷ್ಟಾಚಾರ ಕೆಟ್ಟಿತೆನ್ನುತ್ತಾರೆ. ಆ ಚರ್ಮವೂ ನಮ್ಮ ದೇಹದ್ದೇ ಅಲ್ಲವೇ? ಅದಕ್ಕೂ ಬೆವರುಂಟು, ರೋಮವುಂಟು, ಎಣ್ಣೆಯ ಗ್ರಂಥಿಗಳುಂಟು. ಇವು ಇರುವ ಕಡೆ ಗುಳ್ಳೆ ಏಳುವುದು ಸಹಜ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ನಮ್ಮ ಸಹಪಾಠಿಗಳಲ್ಲಿ ಬಹುಮಂದಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳವರು. ರಜೆಯಲ್ಲಿ ಕಬ್ಬಿನ ಗದ್ದೆ, ಆಲೆಮನೆಗಳಲ್ಲಿ ದುಡಿದು ಬೆವರುವವರು. ಉಳಿದ ದಿನ ಹಾಸ್ಟೆಲಿನಲ್ಲಿ ಒಂದೇ ಹಗ್ಗದ ಮೇಲೆ ಹತ್ತು ಮಂದಿಯ ಬಟ್ಟೆ ಒಣಗಿಸುವವರು. ಚರ್ಮಕ್ಕೆ ತೊಂದರೆಯಾಗಲು ಇಷ್ಟು ಸಾಕು. ತೊಂದರೆಯಾದಾಗ ಅವರಿಗೆ ದೊರೆಯುವ ಮೊದಲ ಉಪದೇಶವೋ, ಗೋಡೆಯ ಮೇಲಿನ ಜಾಹೀರಾತು: ‘ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ’. ಗುಪ್ತ ಎಂಬ ಆ ಒಂದು ಮಾತೇ ಈ ವ್ಯಾಪಾರದ ಬಂಡವಾಳ.

ನನ್ನ ಕೊಠಡಿಯ ಗೆಳೆಯನೊಬ್ಬ ತಿಂಗಳಿಗೊಮ್ಮೆ ಲಾಡ್ಜಿಗೆ ಬಂದಿಳಿಯುವ ಅಂಥ ‘ವೈದ್ಯ’ನಿಗೆ ಮೂರು ಕಂತು ಹಣ ತೆತ್ತ. ಮೂರನೆಯದು ಮನೆಯಿಂದ ಪರೀಕ್ಷಾ ಶುಲ್ಕಕ್ಕೆಂದು ಕಳುಹಿಸಿದ್ದ ಹಣ. ಕೊನೆಗೆ ಆಸ್ಪತ್ರೆಯ ಚರ್ಮರೋಗ ವಿಭಾಗದ ವೈದ್ಯರು ಎರಡು ನಿಮಿಷ ನೋಡಿ, “ಇದು ರೋಗವೇ ಅಲ್ಲವಪ್ಪ, ಹೋಗಿ ಓದಿಕೋ” ಎಂದು ಕಳುಹಿಸಿದರು. ಆ ಎರಡು ನಿಮಿಷದ ತಿಳಿವಳಿಕೆ ನಮಗೆಲ್ಲ ಮೊದಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಆ ಗೆಳೆಯನಿಗಿದ್ದದ್ದು ಸಣ್ಣ ಹಳದಿ-ಬಿಳುಪು ಚುಕ್ಕೆಗಳು. 1896ರಲ್ಲಿ ಇವನ್ನು ವರ್ಣಿಸಿದ ಅಮೆರಿಕದ ವೈದ್ಯ ಫೋರ್ಡೈಸ್ ಹೆಸರು ಇವಕ್ಕಿದೆ. ರೋಮವಿಲ್ಲದೆಡೆ ಇರುವ ಎಣ್ಣೆಯ ಗ್ರಂಥಿಗಳಷ್ಟೇ ಇವು. ವಯಸ್ಕರಲ್ಲಿ ಹೆಚ್ಚು ಮಂದಿಗೆ ಉಂಟು. ಗಂಡಸರಲ್ಲಿ ಶಿಶ್ನದ ತಲೆಯ ಅಂಚಿನ ಸುತ್ತ ಮುತ್ತು ಪೋಣಿಸಿದಂತೆ ಸಾಲಾಗಿ ಕಾಣುವ ಸಣ್ಣ ಗುಳ್ಳೆಗಳೂ, ಹೆಂಗಸರಲ್ಲಿ ಯೋನಿದ್ವಾರದ ಬಳಿಯ ನುಣುಪಾದ ಸಣ್ಣ ಚಾಚುಗಳೂ ಹೀಗೆಯೇ. ಅಂಟುವುದಿಲ್ಲ, ಬೆಳೆಯುವುದಿಲ್ಲ, ಮದ್ದು ಬೇಕಿಲ್ಲ.

ಎರಡನೆಯ ಗುಂಪು ಸಾಮಾನ್ಯ ಉಪದ್ರವಗಳದು. ಬ್ಲೇಡು ಹಾಕಿದ ಮೇಲೆ ರೋಮದ ಬುಡದಲ್ಲಿ ಏಳುವ ಕೆಂಪು ಗುಳ್ಳೆಯನ್ನು ಹಿಸುಕಬಾರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಟ್ಟರೆ ಬಹುಮಟ್ಟಿಗೆ ತಾನೇ ಇಳಿಯುತ್ತದೆ. ರಾತ್ರಿ ಹೊತ್ತು ಹೆಚ್ಚುವ ತುರಿಕೆ, ಬೆರಳ ಸಂದಿನಲ್ಲೂ ಗುಪ್ತಾಂಗದ ಮೇಲೂ ಗಂಟುಗಂಟಾದ ಗುಳ್ಳೆ - ಇದು ಕಜ್ಜಿ; ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ವೈದ್ಯರು ಕೊಡುವ ಪರ್ಮೆಥ್ರಿನ್ ಲೇಪವನ್ನು ಕತ್ತಿನಿಂದ ಪಾದದವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದು, ವಾರದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಒಬ್ಬನೇ ಹಚ್ಚಿಕೊಂಡರೆ ವ್ಯರ್ಥ; ಕೊಠಡಿಯವರೆಲ್ಲರೂ ಅದೇ ದಿನ ಹಚ್ಚಬೇಕು, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನಡುವೆ ಗುಳಿಬಿದ್ದ, ಮುತ್ತಿನಂಥ ಗುಳ್ಳೆಗಳು ಮೊಲಸ್ಕಮ್ ಎಂಬ ವೈರಸ್ಸಿನವು. ಇವೂ ಅಂಟುತ್ತವೆ, ಆದರೆ ತಿಂಗಳುಗಳ ಮೇಲೆ ಸಾಮಾನ್ಯವಾಗಿ ತಾವೇ ಮಾಯುತ್ತವೆ.

ತೊಡೆಸಂದಿನ ಹುಳುಕಡ್ಡಿಯ ಬಗೆಗೆ ಒಂದು ಎಚ್ಚರಿಕೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಲೇಪಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ನಾಲ್ಕು ದಿನ ತುರಿಕೆ ನಿಂತು, ಆಮೇಲೆ ಹುಳುಕಡ್ಡಿ ಇಮ್ಮಡಿಯಾಗುತ್ತದೆ. ಚರ್ಮ ತೆಳುವಾಗಿ ಬಿರಿಯುತ್ತದೆ. ಈ ದುರುಪಯೋಗ ಮಿತಿಮೀರಿದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ತಂದಿತು.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದದ್ದು ಮೂರನೆಯ ಗುಂಪು. ಹೂಕೋಸಿನಂತೆ ಬೆಳೆಯುವ ನರೂಲಿಗಳು ಹೆಚ್ಚಾಗಿ ಎಚ್.ಪಿ.ವಿ. ವೈರಸ್ಸಿನ 6 ಮತ್ತು 11ನೆಯ ಜಾತಿಗಳಿಂದ ಬರುತ್ತವೆ. 2022ರಲ್ಲಿ ಒಪ್ಪಿಗೆ ಪಡೆದ ನಮ್ಮ ದೇಶದ ಲಸಿಕೆ ಇವೆರಡನ್ನೂ ತಡೆಯುವಂಥದು. ಗೊಂಚಲಾಗಿ ಎದ್ದು ಒಡೆದು ಉರಿಯುವ ನೀರುಗುಳ್ಳೆ ಹರ್ಪಿಸ್ ಇರಬಹುದು. ಎಲ್ಲಕ್ಕಿಂತ ಮೋಸದ್ದು ನೋವಿಲ್ಲದ ಒಂಟಿ ಹುಣ್ಣು. ಅದು ಸಿಫಿಲಿಸ್ಸಿನದಾದರೆ ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿದು, ವರ್ಷಗಳ ಮೇಲೆ ಹೃದಯಕ್ಕೂ ಮಿದುಳಿಗೂ ಕೈಹಾಕಬಲ್ಲದು. ತೊಡೆಸಂದಿನ ಗಡ್ಡೆ, ಜ್ವರ, ಕೀವು, ಮೂತ್ರದ ಉರಿ, ರಕ್ತ ಒಸರುವ ಗಂಟು ಇವೂ ಕಾಯುವಂಥವಲ್ಲ.

“ನೀತಿಗೆಟ್ಟವರಿಗೆ ಬರುವ ರೋಗಕ್ಕೆ ನಮ್ಮ ಕಾಲೇಜಿನಲ್ಲೇಕೆ ಪ್ರವಚನ?” ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಮೇಲೆ ಹೇಳಿದವುಗಳಲ್ಲಿ ಬಹುಪಾಲಿಗೆ ನೀತಿಯ ಸೋಂಕೇ ಇಲ್ಲ. ಇದ್ದವುಗಳ ಕಥೆಯನ್ನೂ ನೋಡಿ. 16ನೆಯ ಶತಮಾನದಲ್ಲಿ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಸಿಫಿಲಿಸ್ಸನ್ನು ಫಿರಂಗ ರೋಗವೆಂದ. ಇಂಗ್ಲಿಷರು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರದೆಂದರು. ಒಂದು ಕಾಲದಲ್ಲಿ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರದವರಿಗೆ ಇದು ನಗು ತರಿಸೀತು. ಎಲ್ಲರೂ ಪರರ ಮೇಲೆ ಹೊರಿಸಿದರು, ಯಾರಿಗೂ ವಾಸಿಯಾಗಲಿಲ್ಲ. 1905ರಲ್ಲಿ ಜರ್ಮನಿಯ ವಿಜ್ಞಾನಿಗಳು ಅದರ ಜೀವಾಣುವನ್ನು ಕಂಡುಹಿಡಿದರು, 1943ರಲ್ಲಿ ಪೆನಿಸಿಲಿನ್ ಅದನ್ನು ಗುಣಪಡಿಸಿತು. ರೋಗಿಯ ಶೀಲಪರೀಕ್ಷೆ ಮಾಡಿ ಯಾರೂ ಇದನ್ನು ಸಾಧಿಸಲಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಹುಡುಗ ಲಾಡ್ಜಿನ ವೈದ್ಯನನ್ನಾದರೂ ಹುಡುಕಿಕೊಂಡು ಹೋಗುತ್ತಾನೆ. ಹುಡುಗಿ ತಾಯಿಗೂ ಹೇಳದೆ ಸಹಿಸುತ್ತಾಳೆ. ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕವನ್ನು ನೇರವಾದ ಕನ್ನಡದಲ್ಲಿ ಬರೆದು ಎಷ್ಟೋ ದಶಕಗಳಾದವು. ಮದುವೆಯಾಗುವ ತನಕ ಇದೊಂದೂ ತಿಳಿಯಬಾರದೆಂಬ ಹಟ ಮಾತ್ರ ನಮ್ಮಲ್ಲಿ ಇನ್ನೂ ಉಳಿದಿದೆ.

ಆರೈಕೆಯೇನು ಕಷ್ಟದ್ದಲ್ಲ. ದಿನಕ್ಕೊಮ್ಮೆ ನೀರಿನಿಂದ ತೊಳೆದು ಒಣಗಿಸುವುದು. ಸಡಿಲವಾದ ಹತ್ತಿಯ ಒಳಉಡುಪು. ಟವೆಲು, ಬ್ಲೇಡುಗಳನ್ನು ಹಂಚಿಕೊಳ್ಳದಿರುವುದು. ಸುಣ್ಣ, ಬೆಳ್ಳುಳ್ಳಿ, ಡೆಟಾಲು ಬಳಿಯದಿರುವುದು. ಅನುಮಾನವಿದ್ದರೆ ತಾಲ್ಲೂಕು ಆಸ್ಪತ್ರೆ ಹತ್ತಿರದಲ್ಲೇ ಇದೆ; ಮಂಡ್ಯದ ಮಿಮ್ಸ್‌ನಲ್ಲೂ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯಲ್ಲೂ ಚರ್ಮರೋಗ ವಿಭಾಗಗಳಿವೆ. 19 ವರ್ಷದವರೆಗಿನವರಿಗೆ ಸರ್ಕಾರದ ‘ಸ್ನೇಹ ಕ್ಲಿನಿಕ್’ ಉಂಟು. ಎಚ್.ಐ.ವಿ. ಮತ್ತು ಲೈಂಗಿಕ ಸೋಂಕುಗಳ ಬಗೆಗೆ 1097ಕ್ಕೆ ಉಚಿತವಾಗಿ ಕರೆಮಾಡಿ ಕೇಳಬಹುದು.

ನನ್ನ ಕೋರಿಕೆ ನಾಲ್ಕೇ. ವರ್ಷಕ್ಕೊಮ್ಮೆ ಚರ್ಮರೋಗ ತಜ್ಞರೊಬ್ಬರನ್ನು, ವಿದ್ಯಾರ್ಥಿನಿಯರಿಗೆ ವೈದ್ಯೆಯೊಬ್ಬರನ್ನು ಕರೆಸಿ ಕನ್ನಡದಲ್ಲಿ ಮಾತನಾಡಿಸಬೇಕು. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲು ಒಂದು ಪೆಟ್ಟಿಗೆಯಿರಲಿ. ಮೇಲೆ ಹೇಳಿದ ವಿಳಾಸಗಳನ್ನು ಸೂಚನಾಫಲಕಕ್ಕೆ ಅಂಟಿಸಬೇಕು. ಹಾಸ್ಟೆಲಿನಲ್ಲಿ ಒಬ್ಬನಿಗೆ ಕಜ್ಜಿ ಕಂಡರೆ ಅವನನ್ನು ದೂರವಿಡುವ ಬದಲು ಎಲ್ಲರಿಗೂ ಒಟ್ಟಿಗೆ ಲೇಪ ತರಿಸಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಅಧ್ಯಾಪಕ ಮಹನೀಯರು ತರಗತಿಯಲ್ಲಿ ಈ ಮಾತು ಬಂದಾಗ ನಗದೆ ಉತ್ತರ ಕೊಟ್ಟರೆ, ಗೋಡೆಯ ಮೇಲಿನ ಜಾಹೀರಾತನ್ನು ಓದುವವರೇ ಇರಲಾರರು.