ಆಯ್ಕೆಯ ತಕ್ಕಡಿ

ಮಗನೋ ಮಗಳೋ ಸಮಾಜಶಾಸ್ತ್ರ ಅಥವಾ ಮನಃಶಾಸ್ತ್ರವನ್ನು ಓದುವೆನೆಂದಾಗ ತಂದೆತಾಯಿಗಳ ಮುಖ ಕಳೆಗುಂದುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. 'ಇದನ್ನು ಓದಿದರೆ ಹೊಟ್ಟೆ ತುಂಬುವುದೆ?' ಎಂಬುದು ಅವರ ಪ್ರಶ್ನೆ. ಸಂಸಾರ ನಡೆಸುವವರ ಈ ಚಿಂತೆ ಸಹಜವಾದುದು. ಅದಕ್ಕೆ ಉಪದೇಶಕ್ಕಿಂತ ನಿದರ್ಶನದಿಂದ ಉತ್ತರಿಸುವುದು ಲೇಸೆಂದು ಭಾವಿಸಿ, ಕೆಲಸಕ್ಕೆ ತಕ್ಕವರನ್ನು ಆಯ್ದುಕೊಳ್ಳುವ ನೇಮಕಾತಿ ಕಾರ್ಯವನ್ನು ಈ ಸಲದ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಈ ಕಾರ್ಯಕ್ಕೂ ಸಮಾಜವಿಜ್ಞಾನಕ್ಕೂ ಇರುವ ನಂಟು ನಮ್ಮ ದೇಶದಲ್ಲಿ ಹೊಸದೇನಲ್ಲ. 1936ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆಯಾಗಿ ಆರಂಭವಾದ ವಿದ್ಯಾಕೇಂದ್ರವು ಮುಂದೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆನಿಸಿ, ಸಿಬ್ಬಂದಿ ನಿರ್ವಹಣೆಯ ಶಿಕ್ಷಣಕ್ಕೆ ಹೆಸರಾಯಿತು. 500 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳು ಕಲ್ಯಾಣಾಧಿಕಾರಿಗಳನ್ನು ನೇಮಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಸಮಾಜಕಾರ್ಯವನ್ನು ಓದಿದ ಅನೇಕರು ಈ ಬಾಗಿಲಿನಿಂದಲೇ ಉದ್ಯಮಗಳನ್ನು ಪ್ರವೇಶಿಸಿ ಸಿಬ್ಬಂದಿ ವಿಭಾಗಗಳ ಹೊಣೆ ಹೊತ್ತರು.

ಹಾಗಾದರೆ ಈ ಓದು ಆ ಕಾರ್ಯಕ್ಕೆ ಏನನ್ನು ಕೊಡುತ್ತದೆ? 1955ರಲ್ಲಿ ಡೇನಿಯಲ್ ಕಾಹ್ನೆಮನ್ ಎಂಬ 21ರ ಹರೆಯದ ಮನಃಶಾಸ್ತ್ರ ಪದವೀಧರರು ಇಸ್ರೇಲ್ ಸೈನ್ಯದಲ್ಲಿ ಸೇವೆ ಸಲ್ಲಿಸುತ್ತಿದ್ದರು. ಅಲ್ಲಿನ ಸಂದರ್ಶಕರು ಹೊಸಬರೊಡನೆ ಸ್ವಲ್ಪ ಹೊತ್ತು ಮಾತನಾಡಿ, ಮನಸ್ಸಿನಲ್ಲಿ ಮೂಡಿದ ಒಟ್ಟು ಅಭಿಪ್ರಾಯದಿಂದಲೇ ಅವರನ್ನು ಅಳೆಯುತ್ತಿದ್ದರು. ಆ ಅಳತೆಯಿಂದ ಮುಂದಿನ ಸಾಮರ್ಥ್ಯವೇನೂ ತಿಳಿಯುತ್ತಿರಲಿಲ್ಲ. ಕಾಹ್ನೆಮನ್ನರು ಆರು ಗುಣಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಹಿಂದಿನ ನಡವಳಿಕೆಯನ್ನು ಕುರಿತ ನಿಶ್ಚಿತ ಪ್ರಶ್ನೆಗಳನ್ನು ಗೊತ್ತುಪಡಿಸಿದರು. ಒಂದು ಗುಣಕ್ಕೆ ಅಂಕ ಬರೆದ ಮೇಲೆಯೇ ಮುಂದಿನದಕ್ಕೆ ಹೋಗಬೇಕೆಂದರು. 'ನಮ್ಮನ್ನು ಯಂತ್ರಗಳನ್ನಾಗಿಸುತ್ತಿದ್ದೀರಿ' ಎಂದು ಸಂದರ್ಶಕರು ಮುನಿದರು. ಆದರೆ ಹೊಸ ಪದ್ಧತಿ ಹಳೆಯದಕ್ಕಿಂತ ಬಹಳ ಮೇಲೆಂದು ಫಲಿತಾಂಶ ತೋರಿಸಿತು. ಅಂಕಗಳೆಲ್ಲ ಮುಗಿದ ಬಳಿಕ ಕಣ್ಣು ಮುಚ್ಚಿ ಯೋಚಿಸಿ ಕೊಟ್ಟ ಒಳಮನಸ್ಸಿನ ತೀರ್ಪೂ ಆಗ ಉಪಯುಕ್ತವಾಗಿಯೇ ಕಂಡಿತು. ಒಳಮನಸ್ಸಿನ ಮಾತಿಗೂ ಬೆಲೆಯುಂಟು, ಆದರೆ ಅದು ಶಿಸ್ತಿನ ವಿಚಾರಣೆಯ ತರುವಾಯ ಬರಬೇಕು ಎಂಬುದು ಇದರ ತಾತ್ಪರ್ಯ. ಇದೇ ಕಾಹ್ನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಸಂದರ್ಶನಕ್ಕೆ ಮೊದಲೇ, ಅರ್ಜಿಯನ್ನು ನೋಡುವಾಗಲೇ, ತಕ್ಕಡಿ ವಾಲುವುದೂ ಉಂಟು. ಅರ್ಥಶಾಸ್ತ್ರಜ್ಞ ಸುಖದೇವ ಥೋರಾಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಆಟ್‌ವೆಲ್ ಇವರು ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿ ನೋಡಿದರು. ಮೇಲ್ಜಾತಿಯ ಹೆಸರುಗಳಿಗೆ ಬಂದಷ್ಟು ಕರೆಗಳು ದಲಿತ ಹೆಸರುಗಳಿಗೆ ಬರಲಿಲ್ಲ. ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ ಬಂದವು. 2007ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದೇ ವರ್ಷ ಸುರೀಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಇವರು ನೇಮಕಾತಿ ಅಧಿಕಾರಿಗಳನ್ನೇ ಮಾತನಾಡಿಸಿ ಬರೆದರು. ಜಾತಿಯನ್ನು ನೋಡುವುದಿಲ್ಲ, ಯೋಗ್ಯತೆಯನ್ನಷ್ಟೇ ನೋಡುತ್ತೇವೆ ಎನ್ನುವ ಅಧಿಕಾರಿಗಳೇ ಅಭ್ಯರ್ಥಿಯ 'ಕುಟುಂಬದ ಹಿನ್ನೆಲೆ'ಯನ್ನು ಮುಖ್ಯವೆಂದು ಎಣಿಸುತ್ತಿದ್ದರು.

ಓದುಗ ಬಂಧುಗಳು ಇಲ್ಲಿ ಕೊಂಚ ನಿಲ್ಲಬೇಕು. ತಂದೆ ಏನು ಮಾಡುತ್ತಾರೆ, ಮನೆಯಲ್ಲಿ ಯಾರು ಓದಿದ್ದಾರೆ ಎಂಬ ಪ್ರಶ್ನೆಯನ್ನು ಮಹಾನಗರದ ಕಚೇರಿಯಲ್ಲಿ ಎದುರಿಸಿ, ಹಳ್ಳಿಯ ಒಕ್ಕಲಿನ ಮನೆಯಿಂದ ಬಂದ ನಮ್ಮ ಹುಡುಗ ತಲೆ ತಗ್ಗಿಸಿದರೆ ನಮಗೆ ನೋವಾಗುತ್ತದೆ. ಆದರೆ ನಮ್ಮವರೇ ನಡೆಸುವ ಶಾಲೆ, ಬ್ಯಾಂಕು, ಸಹಕಾರಿ ಸಂಘಗಳಲ್ಲಿ 'ಇವರು ಯಾರ ಪೈಕಿ?' ಎಂದು ಕೇಳುವಾಗ ನಾವು ಬೇರೊಬ್ಬರ ಮಗುವಿಗೆ ಅದೇ ನೋವನ್ನು ಕೊಡುತ್ತಿರುತ್ತೇವೆ. ಅನ್ಯಾಯವೊಂದು ನಮ್ಮ ಮೇಲಾದಾಗ ಮಾತ್ರ ಕಾಣುವುದು, ನಮ್ಮಿಂದಾದಾಗ ಕಾಣದಿರುವುದು ಮನುಷ್ಯ ಸ್ವಭಾವ. ಇದನ್ನು ಎಣಿಸಿ, ಅಳೆದು ತೋರಿಸುವುದೇ ಸಮಾಜವಿಜ್ಞಾನದ ಉಪಕಾರ.

ಪದವಿ ಪಡೆದ ಮಾತ್ರಕ್ಕೆ ಪಕ್ಷಪಾತ ನೀಗುವುದಿಲ್ಲ. ಓದಿದವರಲ್ಲಿಯೂ ಅದು ಮನೆಮಾಡಿರುತ್ತದೆ. ಆದ್ದರಿಂದ ಈ ವಿಷಯಗಳನ್ನು ಆರಿಸಿಕೊಂಡ ತರುಣ ತರುಣಿಯರು ಸಿದ್ಧಾಂತಗಳೊಡನೆ ಸಂಖ್ಯಾಶಾಸ್ತ್ರವನ್ನೂ ಕ್ಷೇತ್ರಕಾರ್ಯವನ್ನೂ ಶ್ರದ್ಧೆಯಿಂದ ಕಲಿಯಬೇಕು. ಸಂಸ್ಥೆಗಳ ಆಡಳಿತ ಮಂಡಳಿಗಳು ಕೂಡ ಮೂರು ನಿಯಮಗಳನ್ನು ಇಂದೇ ಪಾಲಿಸಬಹುದು: ಮೊದಲ ಪರಿಶೀಲನೆಯಲ್ಲಿ ಅರ್ಜಿದಾರರ ಹೆಸರನ್ನು ಮರೆಮಾಡುವುದು, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುವುದು, ಸದಸ್ಯರು ತಮ್ಮತಮ್ಮೊಳಗೆ ಚರ್ಚಿಸುವ ಮೊದಲೇ ಅಂಕಗಳನ್ನು ಬರೆದಿಡುವುದು. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ಸಮಾಜಶಾಸ್ತ್ರ ಓದುವೆನೆಂಬ ಮಗಳನ್ನು ತಡೆಯುವ ಮುನ್ನ ತಂದೆತಾಯಿಗಳು ಇಷ್ಟನ್ನು ನೆನೆಯಲಿ: ನಾಳೆ ಮೇಜಿನ ಆಚೆ ಕುಳಿತು ಅರ್ಜಿಗಳನ್ನು ನೋಡುವವಳು ಅವಳೇ ಆಗಬಹುದು. ಆಗ ಯಾವ ಶಿಫಾರಸೂ ಇಲ್ಲದ ಬಡವರ ಮಗನೊಬ್ಬನ ಅರ್ಜಿಯೂ ನ್ಯಾಯವಾಗಿ ತೂಗಲ್ಪಡಲಿ ಎಂಬುದೇ ನಮ್ಮ ಹಾರೈಕೆ.