ತಂತ್ರಾಂಶವೇನು ಬೆಂಚು, ಕುರ್ಚಿಯೇ?

ಕೆಂಗೇರಿ ಉಪನಗರದ ನಮ್ಮ ಮನೆಗೆ ಬಂದುಹೋಗುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸರ್ಕಾರಿ ಇಲಾಖೆಗಳಲ್ಲಿದ್ದಾರೆ, ಹಲವರು ದೊಡ್ಡ ಕಂಪನಿಗಳಲ್ಲಿದ್ದಾರೆ. ಎರಡೂ ಕಡೆಯವರ ದೂರು ಮಾತ್ರ ಒಂದೇ. ಕೆಲಸಕ್ಕೆ ಬೇಕಾದ ಸಣ್ಣದೊಂದು ತಂತ್ರಾಂಶವನ್ನು ಕೊಳ್ಳಬೇಕಾದರೂ ಮೂರು ದರಪಟ್ಟಿ, ಹಣಕಾಸು ವಿಭಾಗದ ಒಪ್ಪಿಗೆ, ಭದ್ರತಾ ಪರಿಶೀಲನೆ, ಕಾನೂನು ವಿಭಾಗದ ಅಭಿಪ್ರಾಯ! ಕಡತವು ಊರು ಸುತ್ತಿ ಬರುವಷ್ಟರಲ್ಲಿ ಆ ಕೆಲಸದ ಅಗತ್ಯವೇ ತೀರಿರುತ್ತದೆ.

"ನಿಯಮ ಹಾಗಿದೆ, ಮೇಷ್ಟ್ರೇ" ಎನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ. ಸಾರ್ವಜನಿಕರ ಹಣಕ್ಕೆ ಲೆಕ್ಕವಿರಬೇಕು, ಕಂಪನಿಯ ಮಾಹಿತಿಗೆ ರಕ್ಷಣೆಯಿರಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ರಾಜ್ಯದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999, ಕುರುಡಾಗಿ ಅಗ್ಗದ್ದನ್ನೇ ಕೊಳ್ಳಿರೆಂದು ಹೇಳುವುದಿಲ್ಲ. ಟೆಂಡರ್ ದಾಖಲೆಯಲ್ಲಿ ಮೊದಲೇ ಸೂಚಿಸಿದ, ಅಳೆಯಬಹುದಾದ ಅಂಶಗಳ ಆಧಾರದ ಮೇಲೆ ಕನಿಷ್ಠ ದರವನ್ನು ನಿರ್ಣಯಿಸಬೇಕೆಂಬುದು ಅದರ ಆಶಯ. ಬಳಸುವವರನ್ನು ಕೇಳಿ ಆ ಅಂಶಗಳನ್ನು ಬರೆಯುವ ಶ್ರಮವನ್ನು ತಪ್ಪಿಸಿಕೊಂಡವರು ಕಾನೂನಿನ ಮೇಲೆ ಗೂಬೆ ಕೂರಿಸುತ್ತಾರೆ. ಬೆಂಚು, ಕುರ್ಚಿಗಳನ್ನು ಎಣಿಸಿ ದಾಸ್ತಾನು ವಹಿಯಲ್ಲಿ ಬರೆದರೆ ಸಾಕು. ತಂತ್ರಾಂಶವನ್ನಾದರೋ ದಿನವೂ ಬಳಸಬೇಕು, ತಿದ್ದಬೇಕು, ನವೀಕರಿಸಬೇಕು.

ಬೆಲೆಯೇ ಇಲ್ಲದ ತಂತ್ರಾಂಶದ ಪಾಡಂತೂ ಇನ್ನೂ ವಿಚಿತ್ರ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದು ಉಚಿತವಾಗಿ ಕೊಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯೂ ಉಚಿತವಾಗಿಯೇ ದೊರೆಯಿತು. ಆ ದಿನಗಳಲ್ಲಿ ನಾನಿದ್ದ ಶಾಲೆಯ ಗಣಕಯಂತ್ರಕ್ಕೆ ಇಂಥದೊಂದು ತಂತ್ರಾಂಶವನ್ನು ಹಾಕಿಸಲು ಅನುಮತಿ ಕೋರಿ ಪತ್ರ ಬರೆದೆ. "ಸರಬರಾಜುದಾರರ ಹೆಸರು ಹಾಗೂ ದರವನ್ನು ನಮೂದಿಸಿ" ಎಂಬ ಷರಾದೊಂದಿಗೆ ಅದು ಹಿಂತಿರುಗಿತು. ಉಚಿತವಾದುದಕ್ಕೆ ದರವನ್ನು ಎಲ್ಲಿಂದ ತರೋಣ? ಗಣಕಯಂತ್ರವು ಬಟ್ಟೆ ಹೊದ್ದು ಕುಳಿತಿತ್ತು. ಆ ವರ್ಷದ ಕನ್ನಡ ಪ್ರಶ್ನೆಪತ್ರಿಕೆಗಳನ್ನು ನಾವು ಕೈಯಲ್ಲೇ ಬರೆದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

2015ರಲ್ಲಿ ಕೇಂದ್ರ ಸರ್ಕಾರವು ತನ್ನ ಇಲಾಖೆಗಳಿಗಾಗಿ ಮುಕ್ತ ತಂತ್ರಾಂಶ ನೀತಿಯನ್ನು ಪ್ರಕಟಿಸಿತು. ಮುಕ್ತ ತಂತ್ರಾಂಶವನ್ನೂ ಪರಿಗಣಿಸಲೇಬೇಕು, ಅದನ್ನು ಕೈಬಿಟ್ಟ ಸರಬರಾಜುದಾರರು ಕಾರಣ ಕೊಡಬೇಕು ಎಂದಿತು. ಸರಿಯಾದ ಕ್ರಮವೆಂದರೆ ಇದು. ಕಾರಣ ಹೇಳುವ ಹೊಣೆ ಕೇಳುವವನದಷ್ಟೇ ಅಲ್ಲ, ನಿರಾಕರಿಸುವವನದೂ ಹೌದು.

ನನ್ನ ಶಿಷ್ಯರೇ, ನಿಮ್ಮಲ್ಲಿ ಅನೇಕರು ಈಗ ಸಹಿ ಹಾಕುವ ಸ್ಥಾನದಲ್ಲಿದ್ದೀರಿ. ಸಣ್ಣ ಮೊತ್ತದ ಖರೀದಿಗೆ ದಿನಗಳ ಗಡುವು ಹಾಕಿರಿ. ಕೊಳ್ಳುವ ಮೊದಲು ಬಳಸುವವರ ಕೈಗೆ ಕೊಟ್ಟು ಪರೀಕ್ಷಿಸಿರಿ. ಬೇಡವೆನ್ನುವುದಾದರೆ ಕಾರಣವನ್ನು ಬರೆದು, ಅದರ ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ. ಕಡತವನ್ನು ತಡೆದು ಕುಳಿತವನಿಗೆ ಸಂಬಳವೇನೂ ಕಡಿತವಾಗುವುದಿಲ್ಲ. ಕಾದು ಕುಳಿತ ಗುಮಾಸ್ತನ, ಶಿಕ್ಷಕನ, ಎಂಜಿನಿಯರನ ದುಡಿಮೆಯ ದಿನಗಳು ಮಾತ್ರ ಯಾವ ದಾಸ್ತಾನು ವಹಿಯಲ್ಲಿಯೂ ದಾಖಲಾಗದೆ ನಷ್ಟವಾಗುತ್ತವೆ.